ಆಯಿಲ್ ಕಟ್ಟಿದವನೇ ಬಿಚ್ಚಬೇಕು

ಏಕನಾಥನ ಬಗ್ಗೆ ಯಾಕೆ ಬರೆಯಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಂಬಿದವನು ಕೈಕೊಟ್ಟಾಗ ನಾವೆಲ್ಲ ಏನು ಮಾಡುತ್ತೇವೆ? ಬೈಯುತ್ತೇವೆ, ಶಾಪ ಹಾಕುತ್ತೇವೆ, ಅವನಿಗೂ ಒಂದು ದಿನ ಬರಲಿ ಅಂತ ಕಾಯುತ್ತೇವೆ. ಏಕನಾಥನಿಗೆ ಕಾಯುವ ಕಷ್ಟವೂ ಇರಲಿಲ್ಲ. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಸಾಕಿತ್ತು, ಮೋಸ ಮಾಡಿದವನ ಮರ್ಯಾದೆ ನಾಲ್ಕು ಜನರ ಮುಂದೆ ತಾನಾಗಿಯೇ ಹೋಗುತ್ತಿತ್ತು. ಅವನು ಕೂರಲಿಲ್ಲ. ಇಷ್ಟೇ ಕಾರಣ.

ಏಕನಾಥ ಹರಿಹರದವನು. ಮೀಸೆ ಮೂಡುವ ವಯಸ್ಸಿಗೆ ದಿಲ್ಲಿಗೆ ಬಂದು ಕೇಂದ್ರ ಸರ್ಕಾರದ ಒಂದು ಇಲಾಖೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿದ. ಜೀಪು, ಕಾರು, ಟಪಾಲು ಒಯ್ಯುವ ಮೋಟಾರ್ ಸೈಕಲ್ಲು ಎಲ್ಲ ಅವನ ಕೈಮೇಲೆ ಹಾದುಹೋದವು. ರೋಹಿಣಿಯಲ್ಲಿ ಮೊದಲ ಮಹಡಿಯಲ್ಲಿ ಸಣ್ಣ ಫ್ಲ್ಯಾಟು. ಹೆಂಡತಿ ದೇವಕಿ. ಮಗಳು ಅನನ್ಯಾ ಕಾಲೇಜಿಗೆ ಹೋಗುತ್ತಿದ್ದಳು. ಅವಳ ಮಾತು ಕನ್ನಡದಲ್ಲಿ ಶುರುವಾಗಿ ಹಿಂದಿಯಲ್ಲಿ ಮುಗಿಯುತ್ತಿತ್ತು. ಏಕನಾಥನ ಮಾತು ಮಾತ್ರ ಯಾವ ಭಾಷೆಯಲ್ಲೂ ಶುರುವಾಗುವುದೇ ಕಷ್ಟ.

ಯೋಗೀಶ ಇವರ ಮನೆಗೆ ಹತ್ತಿರವಾದದ್ದು ಕೆಳಗಿನ ಮನೆಯ ಬಾಡಿಗೆದಾರನಾಗಿ. ತುಮಕೂರಿನ ಹುಡುಗ, ಗುಡಗಾಂವ್‌ನ ಕಂಪನಿಯೊಂದರಲ್ಲಿ ಹೊಸ ಕೆಲಸ. ದಿಲ್ಲಿಯ ಮೊದಲ ಚಳಿಗೇ ಜ್ವರ ಹಿಡಿದು ಮಲಗಿದ. ದೇವಕಿ ಗಂಜಿ ಕೊಟ್ಟಳು. ಗಂಜಿಯ ಹಿಂದೆ ಸಾರು ಹೋಯಿತು, ಸಾರಿನ ಹಿಂದೆ ಅನ್ನ ಹೋಯಿತು, ಕೊನೆಗೆ ಹುಡುಗನೇ ಊಟಕ್ಕೆ ಮೇಲೆ ಬರತೊಡಗಿದ. "ಅತ್ತಿಗೆ, ಇವತ್ತೇನು?" ಅಂತ ಮೆಟ್ಟಿಲಿನಲ್ಲೇ ಕೂಗುತ್ತಿದ್ದ. ದೇವಕಿ, "ನಿನ್ನೆಯದೇ ಕಣೋ, ಬಿಸಿ ಮಾಡಿದೀನಿ" ಅನ್ನುತ್ತಿದ್ದಳು. ಅದು ಸುಳ್ಳು. ಅವನು ಬರುತ್ತಾನೆ ಅಂತ ಹೊಸದಾಗಿಯೇ ಮಾಡಿರುತ್ತಿದ್ದಳು.

ಒಂದು ಭಾನುವಾರ ಇಬ್ಬರೂ ಯೋಗೀಶನ ಸ್ಕೂಟರಿಗೆ ಏನೋ ಹುಡುಕಿಕೊಂಡು ಮಾಯಾಪುರಿಯ ಗುಜರಿಗೆ ಹೋದರು. ಅಲ್ಲಿ ಜೀಪಿನ ಮೂಳೆಗಳ ರಾಶಿಯ ಕೆಳಗೆ ಏಕನಾಥನಿಗೆ ಒಂದು ಹ್ಯಾಂಡಲ್ಲು ಕಂಡಿತು. ಕುಕ್ಕರುಗಾಲಿನಲ್ಲಿ ಕೂತವನು ಏಳಲೇ ಇಲ್ಲ.

"ಏನಣ್ಣ, ನಿಧಿ ಸಿಕ್ತಾ?" ಅಂದ ಯೋಗೀಶ.

"ಬಿ.ಎಸ್.ಎ. ಮೋಟಾರ್ ಸೈಕಲ್ಲು. ಯುದ್ಧದ ಕಾಲದ್ದು, ಮಿಲ್ಟ್ರೀದು. ನಮ್ಮೂರಲ್ಲಿ ಒಬ್ಬ ಡಾಕ್ಟ್ರ ಹತ್ರ ಇತ್ತು. ಇದರ ಸದ್ದು ಕೇಳಿದ್ರೆ ನಾವು ಹುಡುಗ್ರೆಲ್ಲ ಹೊಳೆ ಸೇತುವೆ ತನಕ ಹಿಂದೆ ಓಡ್ತಿದ್ವಿ."

ಏಕನಾಥ ಅಷ್ಟು ಉದ್ದ ಮಾತಾಡಿದ್ದನ್ನು ಯೋಗೀಶ ಮೊದಲ ಸಲ ಕೇಳಿದ್ದು. ಅವನಿಗೂ ಉಮೇದು ಬಂತು. "ತಗೊಳ್ಳೋಣ ಅಣ್ಣ. ನೀವು ಸರಿ ಮಾಡಿ. ಇದರ ಮೇಲೇ ಇಬ್ರೂ ಹರಿಹರಕ್ಕೆ ಹೋಗೋಣ. ಸೇತುವೆ ಮೇಲೆ ನೀವು ಓಡಿಸ್ಬೇಕು, ನಾನು ಹಿಂದೆ ಕೂತ್ಕೋತೀನಿ."

ಹಣ ಯೋಗೀಶನದು, ಕೈ ಏಕನಾಥನದು. ಕಾಗದ ಯೋಗೀಶನ ಹೆಸರಿಗಾಯಿತು. "ಹೆಸರು ಯಾರದಾದ್ರೇನಣ್ಣ, ಗಾಡಿ ಇಬ್ರದ್ದು" ಅಂದ. ಏಕನಾಥ ತಲೆ ಆಡಿಸಿದ. ತಮ್ಮ ಅನ್ನುವವನ ಹತ್ತಿರ ಬರೆಸಿಕೊಳ್ಳುವುದೇನಿದೆ?

ಮುಂದೆ ಯೋಗೀಶ ಗುಡಗಾಂವ್‌ಗೇ ಮನೆ ಬದಲಿಸಿದ. ಗಾಡಿಯೂ ಹೋಯಿತು, ಅಲ್ಲಿ ಮನೆಯ ಕೆಳಗೆ ನೆರಳಿನ ಜಾಗವಿತ್ತು. ಭಾನುವಾರ ಬಂತೆಂದರೆ ಏಕನಾಥ ಪಾನಾ ಚೀಲ ಒಂದು ಹೆಗಲಿಗೆ, ದೇವಕಿಯ ಡಬ್ಬಿ ಇನ್ನೊಂದು ಹೆಗಲಿಗೆ ಹಾಕಿಕೊಂಡು ಬಸ್ಸು ಬದಲಿಸುತ್ತ ಹೋಗುತ್ತಿದ್ದ. ಡಬ್ಬಿಯಲ್ಲಿ ಇಬ್ಬರ ಊಟ. ಹೀಗೇ ವರ್ಷಗಳು ಕಳೆದವು. ತುಕ್ಕು ಹೋಯಿತು, ಚಕ್ರ ತಿರುಗಿತು. ಒಂದು ದಿನ ಎಂಜಿನ್ನಿಗೆ ಜೀವ ಬಂತು. ಆ ದಿನ ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಆ ಸದ್ದು ಕೇಳುತ್ತ ನಿಂತಿದ್ದರು.

ಎರಡು ಸಾವಿರದ ಆರರ ದಸರಾಕ್ಕೆ ಸ್ವಲ್ಪ ಮುಂಚೆ ಯೋಗೀಶನೇ ಫೋನು ಮಾಡಿದ. "ಅಣ್ಣ, ಒಂದು ಹೊರಗಿನ ಆಯಿಲ್ ಫಿಲ್ಟರ್ ಹಾಕ್ಬಿಡೋಣ. ಬೇಗ ಆಗ್ಬೇಕು."

ಆ ಕಾಲದ ಗಾಡಿಗೆ ಈಗಿನಂಥ ಕಾಗದದ ಫಿಲ್ಟರು ಇರುವುದಿಲ್ಲ. ಒಂದು ತಂತಿಯ ಜಾಲರಿ ಇರುತ್ತದೆ, ಕಲ್ಲು ಕಡ್ಡಿ ತಡೆದರೆ ಅದೇ ಹೆಚ್ಚು. ಸಣ್ಣ ಲೋಹದ ಪುಡಿಯೆಲ್ಲ ಆಯಿಲಿನ ಜೊತೆ ಸುತ್ತುತ್ತಲೇ ಇರುತ್ತದೆ. ಊರೊಳಗೆ ಓಡಿಸುವವನಿಗೆ ಅದು ಸಾಕು. ದೂರ ಹೋಗುವವನು ಮಾತ್ರ ಹೊರಗಡೆ ಒಂದು ಫಿಲ್ಟರು ಕಟ್ಟಿಸುತ್ತಾನೆ. ಹಾಗಾಗಿ ಆ ಫೋನು ಬಂದಾಗ ಏಕನಾಥನಿಗೆ ಕೇಳಿಸಿದ್ದು ಒಂದೇ ಮಾತು: ಹರಿಹರಕ್ಕೆ ಹೋಗೋಣ. ಮರುದಿನವೇ ಆಫೀಸಿನಲ್ಲಿ ದಸರಾಕ್ಕೆ ರಜೆ ಕೇಳಿದ. ಊರಿನಲ್ಲಿರುವ ತಮ್ಮ ಸೋಮಶೇಖರನಿಗೆ ಫೋನು ಮಾಡಿ, "ಗಾಡೀಲಿ ಬರ್ತೀನಿ ಕಣೋ" ಅಂದ.

"ಯಾವ ಗಾಡಿ, ರೈಲಾ?" ಅಂದ ತಮ್ಮ.

"ಬಂದಾಗ ನೋಡು."

ದೇವಕಿ ಒಳಗಿನಿಂದ ನಕ್ಕಳು. "ಗಂಡಸರು ವಯಸ್ಸಾದ ಮೇಲೆ ದೇವರು ಅಂತಾರೆ, ಯಾತ್ರೆ ಅಂತಾರೆ. ಇವರಿಗೆ ಗಾಡಿ!"

ಕಾಶ್ಮೀರಿ ಗೇಟಿನ ಬಿಡಿಭಾಗದ ಬೀದಿಯಲ್ಲಿ ಬನ್ಸಲ್ ಅನ್ನುವವನ ಅಂಗಡಿ. ಏಕನಾಥ ಅವನ ಹಳೆಯ ಗಿರಾಕಿ. ಬನ್ಸಲ್ ಒಂದು ಕಾರಿನ ಫಿಲ್ಟರು, ಅದನ್ನು ಹಿಡಿಯುವ ಅಲ್ಯೂಮಿನಿಯಂ ತಲೆ ತೆಗೆದು ಮುಂದಿಟ್ಟ. ಏಕನಾಥ ಅದನ್ನು ಬೆಳಕಿಗೆ ಹಿಡಿದು, ಊದಿ, ಮತ್ತೆ ಬೆಳಕಿಗೆ ಹಿಡಿದ.

"ಏಕನಾಥ್‌ಜೀ, ಹುಡುಗಿ ನೋಡೋಕೆ ಬಂದಿದೀರಾ, ಫಿಲ್ಟರ್ ನೋಡೋಕಾ?" ಅಂದ ಬನ್ಸಲ್ ತನ್ನ ಹಿಂದಿಯಲ್ಲಿ.

"ಹುಡುಗಿ ಆದ್ರೆ ಇಷ್ಟು ನೋಡೋಕೆ ಬಿಡ್ತಿದ್ಯಾ, ಭಯ್ಯಾ?"

ಆ ಭಾನುವಾರ ಕೆಲಸಕ್ಕೆ ಕೂತರು. ಈ ಗಾಡಿಯಲ್ಲಿ ಆಯಿಲು ಎಂಜಿನ್ನಿನ ಹೊಟ್ಟೆಯಲ್ಲಿ ಇರುವುದಿಲ್ಲ, ಸೀಟಿನ ಪಕ್ಕದಲ್ಲಿ ಬೇರೆ ಟ್ಯಾಂಕಿನಲ್ಲಿರುತ್ತದೆ. ಒಂದು ಪೈಪಿನಲ್ಲಿ ಕೆಳಗೆ ಎಂಜಿನ್ನಿಗೆ ಇಳಿಯುತ್ತದೆ, ಸುತ್ತಿಕೊಂಡು ಬಂದು ಇನ್ನೊಂದು ಪೈಪಿನಲ್ಲಿ ಮೇಲೆ ಟ್ಯಾಂಕಿಗೆ ಏರುತ್ತದೆ. ಫಿಲ್ಟರನ್ನು ಏರುವ ಪೈಪಿಗೇ ಹಾಕಬೇಕು. ಅಲ್ಲಿ ಪಂಪು ನೂಕುತ್ತದೆ, ಫಿಲ್ಟರಿನ ಅಡ್ಡಿಯನ್ನು ದಾಟಿಸುತ್ತದೆ. ಇಳಿಯುವ ಪೈಪಿಗೆ ಹಾಕಿದರೆ ಎಂಜಿನ್ನಿಗೆ ಆಯಿಲು ಸಾಕಷ್ಟು ಬಾರದೆ ಒಣಗುತ್ತದೆ.

ಏಕನಾಥ ಬ್ಯಾಟರಿಯ ಹಿಂದೆ ಜಾಗ ಹುಡುಕಿದ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಕಬ್ಬಿಣದ ಪಟ್ಟಿ ಬಗ್ಗಿಸಿ, ತೂತು ಕೊರೆದು ಹಿಡಿಕೆ ಮಾಡಿದ. ಫಿಲ್ಟರು ಅಲ್ಲಿ ಹುಟ್ಟಿನಿಂದಲೇ ಇದ್ದ ಹಾಗೆ ಕೂತಿತು. ಗಟ್ಟಿಯಾಗಿದ್ದ ಹಳೆಯ ಪೈಪುಗಳನ್ನು ತೆಗೆದು ಆಯಿಲಿಗೆ ಕರಗದ ಹೊಸ ರಬ್ಬರು ಪೈಪು ಹಾಕಿದ. ಯೋಗೀಶ ಟಾರ್ಚು ಹಿಡಿದು ಬೆಳಕು ಬಿಡುತ್ತಿದ್ದ, ನಡುನಡುವೆ ಮೊಬೈಲು ನೋಡುತ್ತಿದ್ದ.

"ಎಲ್ಲೋ ಬೆಳಕು ಬಿಡ್ತಿದೀಯ, ಯೋಗೀಶ. ನನ್ನ ಮುಖಕ್ಕಲ್ಲ, ಬೋಲ್ಟಿಗೆ."

"ಸಾರಿ ಅಣ್ಣ."

"ರಾಜಸ್ಥಾನದ ಕಡೆಯಿಂದ ಇಳಿಯೋಣ. ಬಿಸಿಲು ಏರೋ ಮುಂಚೆ ಓಡಿಸೋದು, ಮಧ್ಯಾಹ್ನ ಢಾಬಾದಲ್ಲಿ ಮಲಗೋದು. ಗಾಡಿಗೂ ವಿಶ್ರಾಂತಿ."

"ಹ್ಞೂಂ ಅಣ್ಣ."

"ಏನೋ, ಹೆದರಿಕೆನಾ?"

"ಇಲ್ಲ ಇಲ್ಲ" ಅಂದ ಯೋಗೀಶ. ಆಮೇಲೆ, "ಇವತ್ತೇ ಮುಗಿಯುತ್ತಾ?" ಅಂತ ಕೇಳಿದ.

ಮುಗಿಯಲಿಲ್ಲ. ಮೇಲೇರುವ ಪೈಪಿನ ಒಂದು ಸಂದಿಯಲ್ಲಿ ಆಯಿಲು ಹನಿಯುತ್ತಿತ್ತು. ತಾಮ್ರದ ವಾಷರು ಸವೆದಿತ್ತು, ಹೊಸದು ಬೇಕು. "ಮುಂದಿನ ಭಾನುವಾರ ವಾಷರ್ ಹಾಕಿ, ಸ್ಟಾರ್ಟ್ ಮಾಡಿ ನೋಡೋಣ. ಅಲ್ಲಿ ತನಕ ಮುಟ್ಬೇಡ" ಅಂದ ಏಕನಾಥ.

ಸವೆದ ಪಂಪಿನ ಗಾಡಿ ನಿಂತಲ್ಲೇ ನಿಂತರೆ ಟ್ಯಾಂಕಿನ ಆಯಿಲೆಲ್ಲ ಮೆಲ್ಲಗೆ ಜಾರಿ ಎಂಜಿನ್ನಿಗೆ ಇಳಿದುಬಿಡುತ್ತದೆ. ಅದಕ್ಕೆ ಏಕನಾಥ ಇಳಿಯುವ ಪೈಪಿಗೆ, ಟ್ಯಾಂಕಿನ ಹಿಂದೆ ಕಣ್ಣಿಗೆ ಬೀಳದ ಕಡೆ, ಪೈಪನ್ನು ಒತ್ತಿ ಮುಚ್ಚುವ ಒಂದು ಕ್ಲಾಂಪು ಬಿಗಿದ. ಆಯಿಲು ಕಟ್ಟಿತು. ಇನ್ನು ಅದನ್ನು ಬಿಚ್ಚದೆ ಯಾರಾದರೂ ಎಂಜಿನ್ನು ಓಡಿಸಿದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸ್ವಲ್ಪ ಹೊತ್ತಿನಲ್ಲೇ ಎಲ್ಲ ಹಿಡಿದುಕೊಳ್ಳುತ್ತದೆ, ಅಷ್ಟು ವರ್ಷದ ಕೆಲಸ ಸುಟ್ಟು ಹೋಗುತ್ತದೆ. ಹಾಗಾಗಬಾರದು ಅಂತ ಅವನ ವರ್ಕ್‌ಶಾಪಿನಲ್ಲಿ ಹಳೆಯ ಉಸ್ತಾದರು ಒಂದು ಪದ್ಧತಿ ಇಟ್ಟಿದ್ದರು. ಆಯಿಲು ಕಟ್ಟಿದವನು ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿ ತನ್ನ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು. ಪ್ಲಗ್ಗಿಲ್ಲದ ಎಂಜಿನ್ನು ಓಡುವುದಿಲ್ಲ. ಪ್ಲಗ್ಗು ಇಲ್ಲ ಅಂದರೆ ಆಯಿಲು ಕಟ್ಟಿದೆ, ಕಟ್ಟಿದವನನ್ನು ಕೇಳು ಅಂತ ಅರ್ಥ. ಬೇರೆಯವನು ಅಲ್ಲಿಗೆ ಇನ್ನೊಂದು ಪ್ಲಗ್ಗು ಹಾಕುವ ಹಾಗಿಲ್ಲ.

ಏಕನಾಥ ಪ್ಲಗ್ಗು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡ. ಯೋಗೀಶ ಇದನ್ನು ಎಷ್ಟೋ ಸಲ ನೋಡಿದ್ದ. ಮೊದಲ ಸಲ ನೋಡಿದಾಗ, "ಇದೊಳ್ಳೆ ಪದ್ಧತಿ, ಮನೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿ ಥರ" ಅಂತ ನಗಾಡಿದ್ದವನು ಅವನೇ.

ಶನಿವಾರ ಆಫೀಸು ಇರಲಿಲ್ಲ. ಏಕನಾಥ ವಾಷರು ತರಲು ಬನ್ಸಲ್ ಅಂಗಡಿಗೆ ಹೋದ. ಬನ್ಸಲ್ ಎದ್ದು ಕೈಕುಲುಕಿದ.

"ಮುಬಾರಕ್, ಏಕನಾಥ್‌ಜೀ! ನಿಮ್ಮ ಗಾಡಿ ದೊಡ್ಡ ಮನೆ ಸೇರಿತು."

"ಯಾವ ಗಾಡಿ?"

"ಬಿ.ಎಸ್.ಎ. ಛತರ್‌ಪುರದ ಸಾಹ್ನಿ ಸಾಹೇಬರು ತಗೊಂಡರಲ್ಲ. ಅವರಿಗೆ ಹಳೇ ಗಾಡಿಗಳ ಹುಚ್ಚು. ಅವರ ಡ್ರೈವರು ಫೋನು ಮಾಡಿದ್ದ, ಅದೇ ನಂಬರಿನ ಫಿಲ್ಟರು ಇನ್ನೆರಡು ಇಟ್ಟಿರಿ ಅಂತ. 'ಯಾರೋ ಮದ್ರಾಸಿ ಹೊರಗಡೆ ಫಿಲ್ಟರು ಕೂರಿಸಿದಾನೆ, ಸಾಹೇಬರು ಅದಿದ್ದರೆ ಮಾತ್ರ ತಗೋತೀನಿ ಅಂದಿದ್ದರು' ಅಂದ. ಈ ದಿಲ್ಲೀಲಿ ಅಂಥ ಮದ್ರಾಸಿ ಇನ್ಯಾರು, ನೀವೇ!"

ಬನ್ಸಲ್ ನಗುತ್ತಿದ್ದ. ಏಕನಾಥ ಅಂಗಡಿಯ ಸ್ಟೂಲಿನ ಮೇಲೆ ಕೂತ. ಫಿಲ್ಟರು ಹರಿಹರಕ್ಕಲ್ಲ. ರಾಜಸ್ಥಾನದ ದಾರಿ ಹೇಳುತ್ತಿದ್ದಾಗ ಹ್ಞೂಂ ಹ್ಞೂಂ ಅಂದವನು ಆಗಲೇ ಗಾಡಿ ಮಾರಿ ಮುಗಿಸಿದ್ದ. ಉಳಿದಿದ್ದ ಒಂದು ಕೆಲಸವನ್ನು ತನ್ನ ಕೈಯಿಂದಲೇ ಮಾಡಿಸಿಕೊಂಡಿದ್ದ.

ಅಂಗಡಿಯ ಹೊರಗೆ ನಿಂತು ಯೋಗೀಶನಿಗೆ ಫೋನು ಮಾಡಿದ.

"ಅಣ್ಣ... ನಿಮಗೆ ಹೇಳ್ಬೇಕು ಅಂತಾನೇ ಇದ್ದೆ."

"ಯಾವಾಗ?"

"ಭಾನುವಾರ ನೀವು ಬಂದಾಗ. ನೋಡಿ ಅಣ್ಣ, ಮದುವೆ ಫಿಕ್ಸ್ ಆಗ್ತಿದೆ, ಫ್ಲ್ಯಾಟ್ ನೋಡ್ತಿದೀನಿ. ಆ ಗಾಡಿ ಎಷ್ಟು ದಿನ ಅಂತ ಇಟ್ಕೊಳ್ಲಿ? ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ."

ಏಕನಾಥನಿಗೆ ಅಷ್ಟರಲ್ಲಿ ಬೇರೆಯದೇ ನೆನಪಾಯಿತು. "ಪ್ಲಗ್ ಇಲ್ದೆ ಹೆಂಗೆ ಹೋಯ್ತು ಗಾಡಿ?"

"ಟೆಂಪೋದಲ್ಲಿ ಹೋಯ್ತು. ಪ್ಲಗ್... ಹೊಸದೊಂದು ಹಾಕ್ಸಿದೆ. ನೀವು ಕಿತ್ಕೊಂಡು ಹೋಗಿದ್ರಲ್ಲ. ಮಾರೋ ವಿಷಯ ಹೆಂಗೋ ಗೊತ್ತಾಗಿ ತಡಿಯೋಕೆ ಹಂಗೆ ಮಾಡಿದೀರ ಅಂದ್ಕೊಂಡೆ."

"ಇಷ್ಟು ವರ್ಷ ನೋಡಿದೀಯಲ್ಲೋ. ಪ್ಲಗ್ ಇಲ್ಲ ಅಂದ್ರೆ ಏನರ್ಥ?"

ಆಮೇಲೆ ತಾನೇ ಹೇಳಿದ.

"ಆಯಿಲ್ ಕಟ್ಟಿದೆ. ಇಳಿಯೋ ಪೈಪಿಗೆ ಕ್ಲಾಂಪ್ ಇದೆ. ಸ್ಟಾರ್ಟ್ ಮಾಡಿದ್ರೆ ಎಂಜಿನ್ ಸತ್ತು ಹೋಗುತ್ತೆ. ಆ ಸಾಹೇಬ್ರ ನಂಬರ್ ಕೊಡು, ನಾನೇ ಹೇಳ್ತೀನಿ."

"ಅಣ್ಣ, ನಾಳೆ ಬೆಳಿಗ್ಗೆ ಅವರು ಫ್ರೆಂಡ್ಸ್‌ನೆಲ್ಲ ಕರೆದು ಸ್ಟಾರ್ಟ್ ಮಾಡ್ತಾರೆ. ಈಗ ಫೋನ್ ಮಾಡಿ ಹಿಂಗೆಲ್ಲ ಹೇಳಿದ್ರೆ ಡೀಲೇ ಕ್ಯಾನ್ಸಲ್ ಆಗುತ್ತೆ." ಅವನ ದನಿ ಸಣ್ಣದಾಯಿತು. "ನಿಮಗೆ ಬೇಕಾಗಿರೋದೂ ಅದೇ ಅಲ್ವಾ? ನಿಜ ಹೇಳಿ. ಕ್ಲಾಂಪು ಗೀಂಪು ಏನೂ ಇಲ್ಲ ತಾನೇ?"

ಏಕನಾಥ ಫೋನು ಕಿವಿಯಿಂದ ತೆಗೆದು ಅದನ್ನೇ ನೋಡಿದ. ಗಾಡಿ ಮಾರಿದ ಅನ್ನುವುದು ಒಂದು ಏಟು. ತನ್ನ ಕೆಲಸದ ಮಾತನ್ನು ಸುಳ್ಳು ಅಂದ ಅನ್ನುವುದು ಅದಕ್ಕಿಂತ ದೊಡ್ಡ ಏಟು. ಆಮೇಲೆ ಎಷ್ಟು ಸಲ ಮಾಡಿದರೂ ಯೋಗೀಶ ಫೋನು ಎತ್ತಲಿಲ್ಲ.

ಬನ್ಸಲ್‌ನ ಹತ್ತಿರ ಸಾಹ್ನಿಯ ಫೋನ್ ನಂಬರು ಇರಲಿಲ್ಲ, ಡ್ರೈವರು ಅಂಗಡಿಯ ಲ್ಯಾಂಡ್‌ಲೈನಿಗೆ ಮಾಡಿದ್ದ. ಸಾಮಾನು ಕಳಿಸಲು ವಿಳಾಸ ಮಾತ್ರ ಹೇಳಿದ್ದ. ಏಕನಾಥ ಅದನ್ನೇ ಕೇಳಿಕೊಂಡು ಮನೆಗೆ ಬಂದ.

ದೇವಕಿ ವಿಷಯ ಕೇಳಿ ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. ಆಮೇಲೆ ಶುರು ಮಾಡಿದಳು.

"ನನ್ನ ಕೈಯ ಅನ್ನ ತಿಂದೋನು. ಅತ್ತಿಗೆ ಅತ್ತಿಗೆ ಅಂತ ಬಾಯಿ ತುಂಬ ಕರೀತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ತನ್ನ ಹೊಟ್ಟೇಲಿ ಮೋಸ ಇತ್ತು, ಅದಕ್ಕೇ ನಿಮ್ಮ ಜೇಬಲ್ಲೂ ಮೋಸ ಕಾಣಿಸ್ತು. ಸುಡಲಿ ಬಿಡಿ ಆ ಗಾಡಿ! ಅಷ್ಟು ಜನರ ಮುಂದೆ ಸುಡಲಿ. ಅವನ ಮುಖಕ್ಕೆ ಮಸಿ ಬೀಳ್ಲಿ."

"ಗಾಡಿ ಏನು ಮಾಡ್ತು, ದೇವಕಿ?"

"ಗಾಡಿ ಈಗ ನಿಮ್ದಲ್ಲ!"

ಅನನ್ಯಾ ಬಾಗಿಲಲ್ಲಿ ನಿಂತಿದ್ದಳು. "ಪಪ್ಪಾ, ನೀವು ಫೋನಲ್ಲಿ ಹೇಳಿದ್ದೀರಲ್ಲ. ಆಪ್‌ಕೀ ಡ್ಯೂಟಿ ಖತಮ್. ಅವನು ನಂಬ್ಲಿಲ್ಲ ಅಂದ್ರೆ ಅವನ ತಪ್ಪು. ಛೋಡೋ ನಾ."

ಮಗಳು ಹೇಳಿದ್ದು ಸರಿಯಾಗಿಯೇ ಇತ್ತು. ಏಕನಾಥ ಬಾಲ್ಕನಿಗೆ ಹೋಗಿ ನಿಂತ. ಸುಡಲಿ ಬಿಡು ಅನ್ನುವ ಆಸೆ ಅವನಿಗೂ ಆಯಿತು. ಆಗಲಿಲ್ಲ ಅಂತ ಯಾರೂ ತಿಳಿಯಬಾರದು. ಸಾಹ್ನಿ ಕಿಕ್ಕು ಹೊಡೆಯುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ, ಒಂದು ಕೀರಲು ಸದ್ದು ಬರುತ್ತದೆ, ಗಾಡಿ ನಿಲ್ಲುತ್ತದೆ, ಎಲ್ಲರೂ ಯೋಗೀಶನ ಕಡೆ ತಿರುಗುತ್ತಾರೆ. ಇಷ್ಟನ್ನೂ ಅವನು ಕಣ್ಣಿಗೆ ಕಟ್ಟುವ ಹಾಗೆ ನೋಡಿದ, ಮತ್ತೆ ಮತ್ತೆ ನೋಡಿದ. ಪ್ರತಿ ಸಲವೂ ಆ ಕೀರಲು ಸದ್ದಿನ ಹತ್ತಿರ ಬಂದು ಅವನಿಗೇ ಹಲ್ಲು ಜುಮ್ಮೆನ್ನುತ್ತಿತ್ತು. ಆಯಿಲು ಕಟ್ಟಿದ್ದು ತಾನು. ಆ ಎಂಜಿನ್ನು ಸತ್ತರೆ ಯಾರ ತಪ್ಪು ಅಂತ ಜನ ಏನೇ ಹೇಳಲಿ, ಕೊಂದ ಕೈ ಯಾವುದು?

ಬೆಳಗಾಗುತ್ತಲೇ ಪಾನಾ ಚೀಲ ತೆಗೆದುಕೊಂಡ. ದೇವಕಿ ಕಾಫಿ ಕೊಟ್ಟಳು. ಆ ದಿನ ಡಬ್ಬಿ ಕೊಡಲಿಲ್ಲ.

ಮೆಟ್ರೋದಲ್ಲಿ ಕೇಂದ್ರೀಯ ಸಚಿವಾಲಯದವರೆಗೆ, ಅಲ್ಲಿಂದ ಮೆಹರೌಲಿ ಬಸ್ಸು, ಆಮೇಲೆ ಆಟೋ. ಸಾಹ್ನಿಯ ತೋಟದ ಮನೆಯ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ. "ಬನ್ಸಲ್ ಅಂಗಡಿಯಿಂದ, ಗಾಡಿ ಕೆಲಸಕ್ಕೆ" ಅಂದ ಮೇಲೆ ಬಿಟ್ಟ.

ಹುಲ್ಲಿನ ಮೇಲೆ ಶಾಮಿಯಾನ. ಕುರ್ಚಿ, ಚಹಾ, ಹತ್ತಾರು ಜನ. ನಡುವೆ ಬಿ.ಎಸ್.ಎ. ಸ್ಟ್ಯಾಂಡಿನ ಮೇಲೆ ನಿಂತಿತ್ತು, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ. ಬಿಳಿ ಗಡ್ಡದ ದಪ್ಪ ಮನುಷ್ಯ ಪೆಟ್ರೋಲಿನ ನಲ್ಲಿ ತಿರುಗಿಸಿ ಕಿಕ್ಕರಿನ ಮೇಲೆ ಕಾಲಿಟ್ಟಿದ್ದ. ಅವನೇ ಸಾಹ್ನಿ. ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಯೋಗೀಶ.

"ಸಾಬ್, ರುಕಿಯೇ!" ಅಂತ ಏಕನಾಥ ಕೂಗಿದ. ತನ್ನ ದನಿ ಅಷ್ಟು ದೊಡ್ಡದಿದೆ ಅಂತ ಅವನಿಗೇ ಗೊತ್ತಿರಲಿಲ್ಲ.

ಎಲ್ಲರೂ ತಿರುಗಿದರು. ಯೋಗೀಶನ ಮುಖ ಬಿಳುಚಿಕೊಂಡಿತು. ಸಾಹ್ನಿ ಕಾಲು ಕೆಳಗಿಟ್ಟು, "ಇವರು ಯಾರು?" ಅಂತ ಹಿಂದಿಯಲ್ಲಿ ಕೇಳಿದ.

ಯೋಗೀಶ ಒಮ್ಮೆ ಏಕನಾಥನನ್ನು ನೋಡಿದ, ಒಮ್ಮೆ ಸುತ್ತಲಿನವರನ್ನು ನೋಡಿದ. ಆಮೇಲೆ ನಕ್ಕ. "ಯೇ? ಯೇ ಹಮಾರಾ ಮಿಸ್ತ್ರೀ ಹೈ, ಸರ್."

ನಮ್ಮ ಮಿಸ್ತ್ರಿ. ಏಕನಾಥ ಜೀವಮಾನವೆಲ್ಲ ಪಾನಾ ಹಿಡಿದವನು, ಮಿಸ್ತ್ರಿ ಅನ್ನಿಸಿಕೊಳ್ಳಲು ಅವನಿಗೆ ಎಂದೂ ನಾಚಿಕೆಯಿರಲಿಲ್ಲ. ಆದರೆ ಆ ಬಾಯಿಂದ, ಆ ಜಾಗದಲ್ಲಿ ಆ ಮಾತು ಬಂದದ್ದು ಗಾಯದ ಮೇಲೆ ಬರೆ ಎಳೆದಂತಾಯಿತು. ಅಣ್ಣ ಅನ್ನುವ ಮಾತು ಅಷ್ಟು ಸುಲಭಕ್ಕೆ ನಾಲಿಗೆಯಿಂದ ಜಾರಿ ಹೋಗುತ್ತದೆಯೇ?

"ಹೌದು ಸಾಬ್, ಮಿಸ್ತ್ರೀನೇ" ಅಂದ. "ಸ್ವಲ್ಪ ಕೆಲಸ ಬಾಕಿ ಇತ್ತು."

ಹುಲ್ಲಿನ ಮೇಲೆ ಮೊಣಕಾಲೂರಿದ. ಟ್ಯಾಂಕಿನ ಹಿಂದೆ ಕೈ ಹಾಕಿ ಕ್ಲಾಂಪು ಬಿಚ್ಚಿದ. ಯೋಗೀಶ ಹತ್ತಿರ ಬಂದು ಬಗ್ಗಿ ನೋಡಿದ, ಕ್ಲಾಂಪು ಕಂಡಿತು. ಏಕನಾಥ ಅವನ ಕಡೆ ನೋಡಲಿಲ್ಲ. ಸವೆದ ವಾಷರು ತೆಗೆದು ಹೊಸದು ಹಾಕಿದ. ಕೆಳಗಿನ ಸಂದಿ ಸಡಿಲಿಸಿ ಗಾಳಿ ಹೋಗುವ ತನಕ ಆಯಿಲು ಹರಿಸಿ ಮತ್ತೆ ಬಿಗಿದ. ಯೋಗೀಶ ಹಾಕಿಸಿದ್ದ ಪ್ಲಗ್ಗು ಬಿಚ್ಚಿ, ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತುತ್ತ ಒತ್ತುತ್ತ ಎಂಜಿನ್ನಿನ ಒಳಗೆಲ್ಲ ಆಯಿಲು ಓಡಾಡುವ ಹಾಗೆ ಮಾಡಿದ. ಬೆವರು ಹುಬ್ಬಿನಿಂದ ಟ್ಯಾಂಕಿನ ಮೇಲೆ ಬಿತ್ತು. ಅಂಗಿಯ ತೋಳಿನಿಂದ ಒರೆಸಿದ. ಕೊನೆಗೆ ಪ್ಲಗ್ಗು ಹಾಕಿ, ಆಯಿಲು ಟ್ಯಾಂಕಿನ ಮುಚ್ಚಳ ತೆಗೆದು ಸಾಹ್ನಿಯನ್ನು ಕರೆದ.

"ಇಲ್ಲಿ ನೋಡಿ ಸಾಬ್. ಸ್ಟಾರ್ಟ್ ಆದ ಮೇಲೆ ಈ ಕೊಳವೇಲಿ ಆಯಿಲು ವಾಪಸು ಬರೋದು ಕಾಣ್ಬೇಕು. ಕಾಣೋ ತನಕ ಗಾಡಿ ಹೊರಗೆ ತೆಗೀಬೇಡಿ. ಕಾಣ್ಲಿಲ್ಲ ಅಂದ್ರೆ ತಕ್ಷಣ ಬಂದ್ ಮಾಡಿ."

"ಏನು ಬಾಕಿ ಇತ್ತು?" ಅಂತ ಸಾಹ್ನಿ ಕೇಳಿದ. ಹಳೆ ಗಾಡಿ ಬಲ್ಲ ಮನುಷ್ಯ, ಅನುಮಾನ ಬಂದಿತ್ತು. ಅವನು ಯೋಗೀಶನ ಕಡೆಗೂ ನೋಡಿದ.

ಒಂದು ಮಾತು ಸಾಕಿತ್ತು. ಏಕನಾಥನ ನಾಲಿಗೆಯ ತುದಿಗೂ ಬಂದಿತ್ತು.

"ವಾಷರು, ಸಾಬ್."

ಯೋಗೀಶ ಉಸಿರು ಬಿಟ್ಟದ್ದು ಕೇಳಿಸಿತು. "ಅಣ್ಣ, ನೀವೇ ಕಿಕ್ ಹೊಡೀರಿ. ಮೊದಲ ಕಿಕ್ ನಿಮ್ದೇ" ಅಂದ ಕನ್ನಡದಲ್ಲಿ. ಅಣ್ಣ ಅನ್ನುವ ಮಾತು ವಾಪಸು ಬಂದಿತ್ತು, ಯಾರಿಗೂ ಅರ್ಥವಾಗದ ಭಾಷೆಯಲ್ಲಿ.

"ಗಾಡಿ ಅವರದು. ಅವರು ಹೊಡೀಲಿ."

ಚೀಲ ಹೆಗಲಿಗೆ ಹಾಕಿ ಗೇಟಿನ ಕಡೆ ನಡೆದ. ಹಿಂದೆ ಎಂಜಿನ್ನು ಒಮ್ಮೆ ಕೆಮ್ಮಿತು, ಎರಡನೆಯ ಸಲಕ್ಕೆ ಹಿಡಿದುಕೊಂಡಿತು. ಏಕನಾಥ ನಿಂತ. ತಿರುಗಿ ನೋಡಲಿಲ್ಲ. ಫಿಲ್ಟರು ತುಂಬಬೇಕು, ಪೈಪು ತುಂಬಬೇಕು, ಆಯಿಲು ಮೇಲೇರಬೇಕು. ಮೈಯೆಲ್ಲ ಕಿವಿಯಾಗಿ ಕೇಳುತ್ತ ನಿಂತ. "ಆ ಗಯಾ! ಆ ಗಯಾ!" ಅಂತ ಸಾಹ್ನಿ ಟ್ಯಾಂಕಿನೊಳಗೆ ಆಯಿಲು ಬಂದದ್ದನ್ನು ನೋಡುತ್ತ ಕೂಗಿದ್ದು ಕೇಳಿಸಿದ ಮೇಲೆ ಹೆಜ್ಜೆ ಕಿತ್ತ.

ಗೇಟಿನ ಹೊರಗೆ ಯೋಗೀಶ ಓಡಿ ಬಂದು ಹಿಡಿದ. ಕಣ್ಣು ಕೆಂಪಾಗಿತ್ತು.

"ಅಣ್ಣ, ನೀವು ನನ್ನ ಮಾನ ಉಳಿಸಿದ್ರಿ."

"ನಿನಗೋಸ್ಕರ ಬಂದಿಲ್ಲ."

"ಗೊತ್ತು. ಆದ್ರೂ... ಅಣ್ಣ, ಬೇರೆ ಗಾಡಿ ಹುಡುಕೋಣ. ಮಾಯಾಪುರಿಗೆ ಹೋಗೋಣ. ಹರಿಹರಕ್ಕೆ ಹೋಗೇ ಹೋಗೋಣ."

ಏಕನಾಥ ಅವತ್ತು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದ. "ಮಿಸ್ತ್ರೀ ಜೊತೆ ಯಾರಪ್ಪ ಅಷ್ಟು ದೂರ ಹೋಗ್ತಾರೆ?" ಅಂದು ಆಟೋಕ್ಕೆ ಕೈ ಮಾಡಿದ.

ದಸರಾ ರಜೆ ಮಂಜೂರಾಗಿತ್ತು. ವಾಪಸು ಮಾಡಲು ಹೋದರೆ ಆಫೀಸಿನಲ್ಲಿ ಕಾರಣ ಹೇಳಬೇಕಾಗುತ್ತದೆ ಅಂತ ರೈಲು ಹತ್ತಿದ. ದೇವಕಿ ಜೊತೆಗಿದ್ದಳು. ಹರಿಹರದ ಸ್ಟೇಷನ್ನಿನಲ್ಲಿ ಸೋಮಶೇಖರ ಮಕ್ಕಳನ್ನೂ ಕರೆದುಕೊಂಡು ಬಂದಿದ್ದ. "ಗಾಡಿ ಎಲ್ಲಿ ಅಣ್ಣ? ನಾನು ಊರಿಗೆಲ್ಲ ಹೇಳಿದೀನಿ" ಅಂದ. ಏಕನಾಥ ಸಾಮಾನು ಎತ್ತಿಕೊಳ್ಳುತ್ತ, "ದಿಲ್ಲೀಲಿದೆ" ಅಂದ. ಅದು ಸುಳ್ಳಲ್ಲ. ಆದರೆ ಆ ರಜೆ ಮುಗಿಯುವವರೆಗೆ ಅವನು ಮನೆಯಿಂದ ಹೆಚ್ಚು ಹೊರಗೆ ಬರಲಿಲ್ಲ. ಎದುರಿಗೆ ಸಿಕ್ಕವರೆಲ್ಲ ಅದನ್ನೇ ಕೇಳುತ್ತಿದ್ದರು.

ಆಮೇಲೆ ಸಾಹ್ನಿ ಎರಡು ಮೂರು ಸಲ ಡ್ರೈವರನ್ನು ಕಳಿಸಿದ, ತನ್ನ ಹಳೆ ಗಾಡಿಗಳನ್ನೆಲ್ಲ ನೋಡಿಕೊಳ್ಳಲು ಬಾ ಅಂತ. ಏಕನಾಥ ಬೇರೆ ಗಾಡಿಗಳಿಗೆ ಆಗಲಿ ಅಂದ, ಅದೊಂದಕ್ಕೆ ಒಲ್ಲೆ ಅಂದ. ಯೋಗೀಶ ಮದುವೆಯ ಕಾಗದ ಕಳಿಸಿದ. ಅದರಲ್ಲಿ 'ಏಕನಾಥಣ್ಣ ಮತ್ತು ಅತ್ತಿಗೆಗೆ' ಅಂತ ಕೈಯಲ್ಲೇ ಬರೆದಿತ್ತು. ದೇವಕಿ ಓದಿ ಮಡಚಿ ಇಟ್ಟಳು. ಹೋಗಲಿಲ್ಲ. ಈಗಲೂ ಅಡಿಗೆ ಸ್ವಲ್ಪ ಹೆಚ್ಚಾದರೆ ಅವಳಿಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಹೇಳುವುದಿಲ್ಲ.

ಏಕನಾಥನ ಸಿಟ್ಟು ಹೋಗಿಲ್ಲ. ಹೋಗಿದೆ ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳಾಗುತ್ತದೆ. ಭಾನುವಾರ ರೋಹಿಣಿಯ ಅವನ ಮನೆಯ ಕೆಳಗೆ, ಬೇವಿನ ಮರದ ಪಕ್ಕ, ಯಾರಾದರೂ ಹಳೆ ಗಾಡಿ ತಂದರೆ ಕೆಲಸ ಮಾಡಿಕೊಡುತ್ತಾನೆ. ಹೊರಗಿನ ಫಿಲ್ಟರು ಹಾಕಿಸುವವರು ದೂರದಿಂದಲೂ ಬರುತ್ತಾರೆ. ಕೆಲಸ ಮುಗಿದ ಮೇಲೆ ಎಲ್ಲಿಗೆ ಹೊರಟಿದ್ದೀರಿ ಅಂತ ಮಾತ್ರ ಅವನು ಯಾರನ್ನೂ ಕೇಳುವುದಿಲ್ಲ.

ನೀವು ದಿಲ್ಲಿಯಲ್ಲಿದ್ದರೆ, ಅಥವಾ ಆ ಕಡೆ ಹೋದರೆ, ಒಂದು ಭಾನುವಾರ ಬಿಡುವು ಮಾಡಿಕೊಂಡು ರೋಹಿಣಿಗೆ ಹೋಗಿ. ಮಾರುಕಟ್ಟೆಯ ಹಿಂದಿನ ಫ್ಲ್ಯಾಟುಗಳಲ್ಲಿ ಕನ್ನಡದ ಫಿಟ್ಟರ್ ಮನೆ ಎಲ್ಲಿ ಅಂದರೆ ಚಹಾ ಅಂಗಡಿಯವನೇ ತೋರಿಸುತ್ತಾನೆ. ಗಾಡಿ ಇರಲೇಬೇಕು ಅಂತಿಲ್ಲ. ಮೊದಲು ಅವನು ಮಾತಾಡುವುದಿಲ್ಲ, ಬೇಜಾರು ಮಾಡಿಕೊಳ್ಳದೆ ಪಕ್ಕದಲ್ಲಿ ಕೂತುಕೊಳ್ಳಿ. ದೇವಕಿ ಊಟಕ್ಕೆ ಕರೆದರೆ ಇಲ್ಲ ಅನ್ನಬೇಡಿ. ಮತ್ತೆ ಬರುತ್ತೇನೆ ಅಂತ ಹೇಳಿ ಬಂದರೆ, ದಯವಿಟ್ಟು ಮತ್ತೆ ಹೋಗಿ.